ಚಳಿಗಾಲದಲ್ಲಿ ಮೋಟಾರು ಸೈಕಲ್ಲು: ಕೈಕಾಲಿನ ಯೋಗಕ್ಷೇಮ

ಧನುರ್ಮಾಸದ ಬೆಳಗು. ಕಾಫಿಯ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ನೀವು ರೇಡಿಯೋದಲ್ಲಿ ವಾರ್ತೆ ಕೇಳುತ್ತಿರುವ ಹೊತ್ತಿಗೆ, ಮನೆಯ ಮುಂದಿನ ರಸ್ತೆಯಲ್ಲಿ ಮೋಟಾರು ಸೈಕಲ್ಲುಗಳು ಒಂದೊಂದಾಗಿ ಹೊರಡುವ ಸದ್ದು ನಿಮ್ಮ ಕಿವಿಗೆ ಬಿದ್ದಿರಬೇಕು. ಮೊದಲು ಹೋಗುವವನು ಹಾಲಿನವನು. ಅವನ ಹಿಂದೆ ಪತ್ರಿಕೆಯ ಹುಡುಗ, ಆಮೇಲೆ ತರಕಾರಿ ಮಂಡಿಗೆ ಹೋಗುವವರು, ಆಸ್ಪತ್ರೆಯ ಪಾಳಿ ಮುಗಿಸಿ ಬರುವವರು, ಕಡೆಗೆ ನನ್ನಂಥ ಮೇಷ್ಟ್ರುಗಳು. ನಾವು ಹುಡುಗರಾಗಿದ್ದಾಗ ಹಳ್ಳಿಯಲ್ಲಿ ಇದಕ್ಕೆ ಫಟಫಟಿ ಎಂದು ಹೆಸರು. ಆಗ ಅದು ಊರಿಗೊಂದು ಇದ್ದರೆ ಹೆಚ್ಚು. ಈಗ ಅದಿಲ್ಲದ ಮನೆ ಅಪರೂಪ. ಆದುದರಿಂದ ನಾನಿಂದು ಹೇಳಹೊರಟ ವಿಷಯ ನಿಮ್ಮ ಮನೆಯ ಒಬ್ಬರಿಗಾದರೂ ಸಂಬಂಧಿಸಿದ್ದೇ ಆಗಿರುತ್ತದೆ.

ವಿಷಯ ಬಹಳ ಸಣ್ಣದು. ಚಳಿಯಲ್ಲಿ ಗಾಡಿ ಓಡಿಸುವಾಗ ಕೈಕಾಲುಗಳನ್ನು ಬೆಚ್ಚಗಿಟ್ಟುಕೊಳ್ಳುವುದು ಹೇಗೆ ಎಂಬುದು. ಇದಕ್ಕೂ ಒಂದು ಭಾಷಣ ಬೇಕೆ ಎಂದು ನೀವು ನಗಬಹುದು. ಹದಿನಾಲ್ಕು ಹದಿನೈದು ವರ್ಷಗಳ ಹಿಂದೆ ನಾನೂ ನಗುತ್ತಿದ್ದೆ. ಆ ನಗು ನಿಂತದ್ದು ಹೇಗೆಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನ ಮನೆ ಚಿಕ್ಕಮಗಳೂರಿನಲ್ಲಿ. ಶಾಲೆ ಇರುವುದು 22 ಕಿಲೋಮೀಟರು ಆಚೆ, ಕಾಫಿ ತೋಟಗಳ ನಡುವೆ. ಚಳಿಗಾಲದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಬೆಳಗ್ಗೆ 8ಕ್ಕೇ ವಿಶೇಷ ಪಾಠ. ಆದ್ದರಿಂದ 7 ಗಂಟೆಗೆ ಮನೆ ಬಿಡಬೇಕು. 2011ರ ಜನವರಿ, ಪುಷ್ಯ ಮಾಸ. ಮಂಜು ದಟ್ಟವಾಗಿತ್ತು. ನಾನು ತೊಟ್ಟದ್ದು ಒಂದು ಅಂಗಿ, ಅದರ ಮೇಲೆ ಗುಂಡಿ ಹಾಕದ ಸ್ವೆಟರು, ಕಾಲಿಗೆ ಚಪ್ಪಲಿ, ಕೈಗೆ ಏನೂ ಇಲ್ಲ. ದೇಹ ಗಟ್ಟಿಯಾಗಿದೆಯೆಂಬ ಹೆಮ್ಮೆಯೂ ಸ್ವಲ್ಪ ಇತ್ತು. ಶಾಲೆಗೆ ಇನ್ನೆರಡು ಕಿಲೋಮೀಟರು ಇರುವಾಗ ಒಂದು ತಿರುವಿನಲ್ಲಿ, ನಮ್ಮ ಶಾಲೆಯದೇ ಒಬ್ಬ ಹುಡುಗಿ, ಒಂಬತ್ತನೆಯ ತರಗತಿಯವಳು, ಡೈರಿಗೆ ಹಾಲು ಕೊಡಲು ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದಳು. ನಾನು ಅವಳನ್ನು ದೂರದಿಂದಲೇ ಕಂಡೆ. ಬ್ರೇಕು ಹಿಡಿಯಬೇಕೆಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ. ಬಲಗೈಯ ಬೆರಳುಗಳು ಹಿಡಿಕೆಯ ಮೇಲೆ ಕೊಕ್ಕೆಗಳಂತೆ ಬಾಗಿ ನಿಂತುಬಿಟ್ಟಿದ್ದವು. ಅವನ್ನು ಬಿಡಿಸಿ ಬ್ರೇಕಿನ ಮೇಲಿಟ್ಟು ಅಮುಕುವಷ್ಟರಲ್ಲಿ ಹೊತ್ತಾಗಿತ್ತು. ಹಿಂದಿನ ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಗಾಡಿಯನ್ನು ಚರಂಡಿಯ ಕಡೆಗೆ ತಿರುಗಿಸಿದೆ. ಹುಡುಗಿ ಹಾರಿ ಪಕ್ಕಕ್ಕೆ ಬಿದ್ದಳು. ಅವಳಿಗೆ ಮೊಣಕೈ ತರಚಿತು, ಹಾಲೆಲ್ಲ ರಸ್ತೆಯ ಪಾಲಾಯಿತು.

ನಾನು ಮಾಡಿದ್ದೇನು? ಎದ್ದು ನಿಂತು ಅವಳನ್ನೇ ಗದರಿಸಿದೆ. ರಸ್ತೆ ನೋಡಿಕೊಂಡು ದಾಟಬಾರದೇನಮ್ಮಾ ಎಂದೆ. ಅವಳು ಅಳಲಿಲ್ಲ. "ಸಾರ್, ನೀವು ಬ್ರೇಕೇ ಹಿಡೀಲಿಲ್ಲ" ಎಂದಳು, ಅಷ್ಟೆ.

ತರಗತಿಗೆ ಹೋಗಿ ಕಪ್ಪು ಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದೆ. ಅಂದು ಸಮಾಸದ ಪಾಠ. 'ತತ್ಪುರುಷ' ಎಂದು ಬರೆಯಲು ಹೋದರೆ ಒತ್ತಕ್ಷರ ಮೂಡುವುದಿಲ್ಲ, ಸೀಮೆಸುಣ್ಣ ಬೆರಳಿನಿಂದ ಜಾರಿ ಬೀಳುತ್ತದೆ. ಮೂರು ಸಲ ಬಿತ್ತು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಸೀಮೆಸುಣ್ಣ ಹಿಡಿಯಲಾರದ ಕೈ ಹತ್ತು ನಿಮಿಷದ ಹಿಂದೆ ಬ್ರೇಕನ್ನು ಹೇಗೆ ಹಿಡಿದೀತು? ತಪ್ಪು ಯಾರದೆಂದು ಆಗ ತಿಳಿಯಿತು. ಮಧ್ಯಾಹ್ನ ಆ ಹುಡುಗಿಯನ್ನು ಕರೆದು, ತಪ್ಪು ನನ್ನದಮ್ಮ ಎಂದೆ. ಸಂಜೆ ಅವರ ಮನೆಗೆ ಹೋಗಿ ಹಾಲಿನ ದುಡ್ಡು ಕೊಡಹೋದರೆ ಅವಳ ತಂದೆ ತೆಗೆದುಕೊಳ್ಳಲಿಲ್ಲ.

ಚಳಿಗೆ ಬೆರಳು 'ಮರಗಟ್ಟಿತು' ಎನ್ನುತ್ತೇವೆ. ಕನ್ನಡ ಪಂಡಿತನಾಗಿ ಈ ಮಾತನ್ನು ನಾನು ಎಷ್ಟೋ ಸಲ ಬಳಸಿದ್ದೆ, ಅರ್ಥ ಹೇಳಿದ್ದೆ. ಆದರೆ ನಮ್ಮ ಹಿರಿಯರು ಎಷ್ಟು ಸರಿಯಾಗಿ ಕಂಡು ಈ ಪದವನ್ನು ಕಟ್ಟಿದರೆಂಬುದು ಅಂದು ಗೊತ್ತಾಯಿತು. ನೋವಿರುವುದಿಲ್ಲ, ಅದೇ ಅಪಾಯ. ಮೊದಮೊದಲು ಬೆರಳು ನೋಯುತ್ತದೆ; ಸ್ವಲ್ಪ ಹೊತ್ತಿನ ಮೇಲೆ ನೋವು ಹೋಗುತ್ತದೆ; ಆಗ ಸವಾರನು ಚಳಿ ಅಭ್ಯಾಸವಾಯಿತೆಂದುಕೊಳ್ಳುತ್ತಾನೆ. ಅಭ್ಯಾಸವಾದದ್ದಲ್ಲ, ಬೆರಳು ಮರವಾದದ್ದು. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗೆ ಇಳಿದರೆ ಅದರ ಚುರುಕುತನ ಕುಗ್ಗತೊಡಗುತ್ತದೆ. ಇನ್ನೂ ಇಳಿದರೆ ಸ್ಪರ್ಶವೇ ತಿಳಿಯದು. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರು ಮುಂದೆ ಹೋಗುತ್ತದೆ. ಮರಗಟ್ಟಿದ ಬೆರಳು ಅರ್ಧ ಸೆಕೆಂಡು ತಡಮಾಡಿತೆನ್ನಿ, 7 ಮೀಟರು ಕಳೆಯಿತು. ಒಂದು ಮಗು ರಸ್ತೆ ದಾಟಲು ಅಷ್ಟು ಅಂತರ ಸಾಕು.

ಹೊಸ ಗಾಡಿಗಳಲ್ಲಿ ಈ ತೊಂದರೆ ಇಲ್ಲವೆಂದು ಕೆಲವರು ವಾದಿಸುವುದುಂಟು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಬಹಳ ಒಳ್ಳೆಯದೇ ಆಯಿತು. ಆದರೆ ಆ ಯಂತ್ರವು ಬ್ರೇಕು ಹಿಡಿದ ಮೇಲೆ ಕೆಲಸ ಮಾಡತಕ್ಕದ್ದು. ಹಿಡಿಯುವ ಕೈ ನಮ್ಮದೇ.

ಚಳಿ ಕೈಕಾಲುಗಳನ್ನೇ ಏಕೆ ಹಿಡಿಯುತ್ತದೆ? ದೇಹವೆಂಬುದು ಒಂದು ರಾಜ್ಯವೆಂದು ಭಾವಿಸಿ. ಹೃದಯ, ಮಿದುಳು, ಶ್ವಾಸಕೋಶಗಳೆಲ್ಲ ರಾಜಧಾನಿಯ ಕೋಟೆಯೊಳಗಿನವು. ಅಲ್ಲಿ 37 ಡಿಗ್ರಿಯ ಉಷ್ಣತೆ ಏರುಪೇರಾಗುವಂತಿಲ್ಲ. ಬೆರಳುಗಳು ಗಡಿಯ ಠಾಣ್ಯಗಳು. ಕ್ಷಾಮ ಬಂದಾಗ ರಾಜನು ಏನು ಮಾಡುತ್ತಾನೆ? ಗಡಿಗೆ ಹೋಗುವ ಸರಬರಾಜನ್ನು ತಡೆದು ಕೋಟೆಯೊಳಗೆ ಇರಿಸಿಕೊಳ್ಳುತ್ತಾನೆ. ದೇಹವೂ ಹಾಗೆಯೇ. ಎದೆಗೆ ಚಳಿ ತಾಗಿದೊಡನೆ ಕೈಕಾಲಿನ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಬಿಸಿ ರಕ್ತ ಬೆರಳಿಗೆ ಹೋಗುವುದು ತೀರ ಕಡಮೆಯಾಗುತ್ತದೆ. ಬೆರಳಿನಲ್ಲಿ ಶಾಖ ಹುಟ್ಟಿಸುವ ಮಾಂಸಖಂಡವೂ ಅಷ್ಟಕ್ಕಷ್ಟೆ. ಅದರ ಮೇಲೆ ಗಾಳಿ ಬೇರೆ.

ಗಾಳಿಯ ಲೆಕ್ಕ ಸ್ವಾರಸ್ಯವಾಗಿದೆ. ನಮ್ಮ ಚರ್ಮದ ಸುತ್ತ ದೇಹದ ಶಾಖದಿಂದ ಬೆಚ್ಚಗಾದ ಗಾಳಿಯ ತೆಳ್ಳನೆಯ ಪೊರೆಯೊಂದು ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. ಇದನ್ನು ಅಳೆಯಲು ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು 1941ರ ಸುಮಾರಿಗೆ ದಕ್ಷಿಣ ಧ್ರುವ ಖಂಡದಲ್ಲಿ, ಬೇರೆ ಬೇರೆ ವೇಗದ ಗಾಳಿಗೆ ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಪರೀಕ್ಷಿಸಿದರು. ಆ ಲೆಕ್ಕವನ್ನು 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ತಿದ್ದಿ ಹೊಸ ಸೂತ್ರ ಮಾಡಿಕೊಂಡಿವೆ. ಅದರಂತೆ ಉಷ್ಣತೆ 10 ಡಿಗ್ರಿ ಇರುವ ಬೆಳಗಿನಲ್ಲಿ ಗಂಟೆಗೆ 25 ಕಿಲೋಮೀಟರಿನ ಗಾಳಿ ಬಡಿದರೆ ಚರ್ಮಕ್ಕೆ 7 ಡಿಗ್ರಿಯಂತೆಯೂ, 40 ಆದರೆ 6ರಂತೆಯೂ, 60 ಆದರೆ 5ರಂತೆಯೂ ಅನ್ನಿಸುತ್ತದೆ. ಈ ಸೂತ್ರ ಮುಖದ ಚರ್ಮವನ್ನು ನೋಡಿ ಮಾಡಿದ್ದು. ಆದರೂ ಅಂದಾಜಿಗೆ ಸಾಕು. ಹತ್ತು ಡಿಗ್ರಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೀದರ, ವಿಜಯಪುರಗಳ ಕಡೆ ಕೆಲವು ವರ್ಷ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ನಿಧಾನವಾಗಿ ಹೋದರೆ ಚಳಿ ಬಹಳ ಕಡಮೆಯಾಗುತ್ತದೆಂಬುದು ನಿಜವಲ್ಲ. ಗಾಳಿ ಮಾಡುವ ಅನ್ಯಾಯವೆಲ್ಲ ಮೊದಲ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ವೇಗದಲ್ಲೇ ಅರ್ಧಕ್ಕಿಂತ ಹೆಚ್ಚು ಪಾಲು ಆಗಿಹೋಗಿರುತ್ತದೆ. ನಿಧಾನವಾಗಿ ಹೋಗಬೇಕಾದದ್ದು ಬ್ರೇಕಿನ ದೃಷ್ಟಿಯಿಂದ, ಬೆಚ್ಚಗಿರಲೆಂದಲ್ಲ. ಗಾಳಿಯನ್ನು ತಡೆಯುವುದೊಂದೇ ದಾರಿ.

ಆ ಪ್ರಸಂಗ ನಡೆದ ಮಾರನೆಯ ದಿನವೇ ನಾನು ಪೇಟೆಗೆ ಹೋಗಿ ಉಣ್ಣೆಯ ಕೈಗವಸು ಕೊಂಡೆ. ಹಾಕಿಕೊಂಡು ಹೋದೆ. ಬೆರಳು ಮತ್ತೆ ಮರಗಟ್ಟಿತು! ಏನು ಮಾಡುವುದೆಂದು ತಿಳಿಯದೆ ದಾರಿಯಲ್ಲಿ ಒಂದು ಚಹದ ಅಂಗಡಿಯ ಮುಂದೆ ನಿಲ್ಲಿಸಿ ಕೈ ಉಜ್ಜಿಕೊಳ್ಳುತ್ತಿದ್ದಾಗ, ದಿನವೂ ನನ್ನ ಎದುರಿಗೆ ಬರುವ ಹಾಲಿನವರೊಬ್ಬರು ಅಲ್ಲಿದ್ದರು. ನನಗಿಂತ ಹಿರಿಯರು. ಬೆಳಗಿನ ನಾಲ್ಕಕ್ಕೆ ಗಾಡಿ ಹತ್ತುವವರು. ಅವರು ನನ್ನ ಗವಸನ್ನೂ ತೆರೆದ ಸ್ವೆಟರನ್ನೂ ನೋಡಿ ನಕ್ಕರು.

"ಅಲ್ಲ ಮೇಷ್ಟ್ರೇ, ಎದೆ ಗಾಳೀಗೆ ಬಿಟ್ಟು ಕೈ ಮುಚ್ಕೊಂಡ್ರೆ ಏನ್ ಬಂತು? ಒಲೆ ಆರ್ಸಿ ಪಾತ್ರೆಗೆ ಮುಚ್ಚಳ ಹಾಕ್ದಂಗೆ ಆಯ್ತು."

ಹಾಗೆಂದು ತಮ್ಮ ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಬನಿಯನ್ನಿನ ಮೇಲೆ, ಎದೆಯ ಅಗಲಕ್ಕೂ ಹಳೆಯ ವಾರ್ತಾಪತ್ರಿಕೆಯ ನಾಲ್ಕು ಹಾಳೆಗಳು! ಅದರ ಮೇಲೆ ಅಂಗಿ, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಹೊರಗೆ ಮಳೆಗಾಲದ ಕೋಟು.

ಈ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ಕೋಟೆಯೊಳಗೆ ಸಮೃದ್ಧಿ ಇದ್ದರೆ ಗಡಿಗೆ ಸರಬರಾಜು ತಾನಾಗಿ ಹರಿಯುತ್ತದೆ. ಎದೆ, ಬೆನ್ನು, ಹೊಟ್ಟೆ ಬೆಚ್ಚಗಿದ್ದರೆ ರಕ್ತನಾಳಗಳು ಸಂಕೋಚ ಬಿಟ್ಟು ಬೆರಳಿನ ತುದಿಯವರೆಗೂ ಬಿಸಿ ರಕ್ತ ಕಳುಹಿಸುತ್ತವೆ. ಕೆನಡಾದ ಸಂಶೋಧಕರು 1990ರ ದಶಕದಲ್ಲಿ, ವಿದ್ಯುತ್ತಿನಿಂದ ಬಿಸಿಯಾಗುವ ಅಂಗಿಯನ್ನು ಜನರಿಗೆ ತೊಡಿಸಿ ಕೊರೆಯುವ ಚಳಿಯಲ್ಲಿ ಕೂರಿಸಿ ನೋಡಿದರು. ಎದೆ ಬೆಚ್ಚಗಿದ್ದಾಗ ಬರಿಗೈಯ ಬೆರಳುಗಳೂ ಬೆಚ್ಚಗಿದ್ದವಂತೆ. ನಮ್ಮ ಹಾಲಿನವರು ಇದನ್ನು ಓದಿರಲಿಲ್ಲ. ಕಾಗದ ಗಾಳಿಯನ್ನು ತಡೆಯುತ್ತದೆ, ಹಾಳೆಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ, ತೇವವಾದರೆ ಎಸೆಯಬಹುದು, ಖರ್ಚಿಲ್ಲ. ಅವರಿಗೆ ಇಷ್ಟು ಗೊತ್ತಿತ್ತು. ನಮ್ಮ ರೈತರ ಕಂಬಳಿ ಕೊಪ್ಪೆಯೂ ಇದೇ ತತ್ತ್ವದ್ದಲ್ಲವೆ? ತಲೆ, ಕತ್ತು, ಬೆನ್ನು ಮುಚ್ಚುತ್ತದೆ; ಕೈಗೆ ಅದರಲ್ಲಿ ಏನೂ ಇಲ್ಲ.

ಕತ್ತನ್ನು ಮರೆಯಬೇಡಿ. ಆದರೆ ಮಫ್ಲರು ಸುತ್ತಿಕೊಂಡರೆ ಅದರ ತುದಿಗಳನ್ನು ಅಂಗಿಯೊಳಗೆ ಸೇರಿಸಿಬಿಡಿ. 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ ಸತ್ತದ್ದು ಆಕೆಯ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡುದರಿಂದ. ಹಿಂದೆ ಕುಳಿತ ಹೆಣ್ಣುಮಕ್ಕಳ ಸೆರಗು, ವೇಲುಗಳಿಗೂ ಇದೇ ಮಾತು.

ಇನ್ನು ಕೈಯ ಕಥೆ. ಗವಸು ಎಂದರೆ ಹೊದಿಕೆ. ತಂಬೂರಿಗೆ ಹಾಕುವ ಬಟ್ಟೆಯ ಚೀಲಕ್ಕೂ ಗವಸಣಿಗೆ ಎನ್ನುತ್ತಾರೆ. ನಾನು ಕೊಂಡ ಉಣ್ಣೆಯ ಗವಸು ಶಾಖವನ್ನು ಹಿಡಿಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ಹೆಣಿಗೆಯ ಕಣ್ಣುಗಳ ಮೂಲಕ ಗಾಳಿ ನುಗ್ಗುತ್ತಿತ್ತು. ಅದಕ್ಕೆ ಮೇಲೊಂದು ಗಾಳಿ ನುಗ್ಗದ ಪದರ ಬೇಕು. ಚರ್ಮದ್ದಾಗಲಿ, ಈಗ ಸಿಗುವ ಸವಾರರ ಗವಸಾಗಲಿ ಆದೀತು. ಅದೂ ಇಲ್ಲದಿದ್ದರೆ ಒಳಗೆ ತೆಳ್ಳನೆಯ ರಬ್ಬರಿನ ಗವಸು, ವೈದ್ಯರು ಹಾಕಿಕೊಳ್ಳುತ್ತಾರಲ್ಲ ಅದು, ಅದರ ಮೇಲೆ ಉಣ್ಣೆ. ಒಳಗೆ ಸ್ವಲ್ಪ ಬೆವರುತ್ತದೆ, ಅರ್ಧ ಗಂಟೆಯ ಪ್ರಯಾಣಕ್ಕೆ ಅಡ್ಡಿಯಿಲ್ಲ. ಹತ್ತಿಯ ಗವಸು ಮಾತ್ರ ಮಂಜಿನಲ್ಲಿ ಬೇಡ. ಅದು ನೆನೆದು, ಆ ತೇವ ಗಾಳಿಗೆ ಆರುವಾಗ ಕೈಯ ಶಾಖವನ್ನೇ ಹೀರುತ್ತದೆ. ಹೂಜಿಯ ನೀರು ತಣ್ಣಗಾಗುವ ಬಗೆ ಇದೇ.

ಗವಸು ಬಿಗಿಯಾಗಿರಬಾರದು, ಬಿಗಿಯಾದರೆ ರಕ್ತ ಹರಿಯದು. ತೀರ ದಪ್ಪವೂ ಆಗಬಾರದು. ಕೊಳ್ಳುವಾಗ ನಾನು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ: ಜೇಬಿನಿಂದ ಸೀಮೆಸುಣ್ಣ ತೆಗೆದು, ಗವಸು ತೊಟ್ಟ ಕೈಯಲ್ಲೇ ನನ್ನ ರುಜು ಬರೆದು ನೋಡುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನಿಮ್ಮ ಬಳಿ ಸೀಮೆಸುಣ್ಣ ಇರಲಾರದು. ಗಲ್ಲಾದ ಮೇಲಿನ ಒಂದು ರೂಪಾಯಿಯ ನಾಣ್ಯವನ್ನು ಹೆಕ್ಕಿ ನೋಡಿ. ಹೆಕ್ಕಲು ಬಂದರೆ ಕ್ಲಚ್ಚು, ಹಾರನ್ನು, ದೀಪದ ಗುಂಡಿ ಎಲ್ಲವೂ ಕೈಗೆ ಸಿಗುತ್ತವೆ.

ಅನೇಕರು ಬಿಟ್ಟುಬಿಡುವ ಜಾಗವೊಂದಿದೆ. ಗವಸಿಗೂ ತೋಳಿಗೂ ನಡುವಿನ ಮಣಿಕಟ್ಟು. ವೈದ್ಯರು ನಾಡಿ ನೋಡುವುದು ಎಲ್ಲಿ? ಅಲ್ಲೇ ತಾನೆ? ಅಲ್ಲಿ ರಕ್ತನಾಳ ಚರ್ಮಕ್ಕೆ ಅಷ್ಟು ಹತ್ತಿರ. ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾದರೆ ಗವಸು ಎಷ್ಟು ಬೆಲೆಯದಾದರೇನು? ನನ್ನ ಮನೆಯಾಕೆ ಹರಿದ ಉಣ್ಣೆಯ ಕಾಲುಚೀಲದ ಪಾದವನ್ನು ಕತ್ತರಿಸಿ, ಉಳಿದ ಕೊಳವೆಯನ್ನು ನನ್ನ ಮುಂಗೈಗೆ ತೊಡಿಸಿದಳು. ಹನ್ನೆರಡು ವರ್ಷದಿಂದ ಅದೇ ನಡೆದಿದೆ. ಸಂಸಾರದಲ್ಲಿ ಯಾವ ವಸ್ತು ಯಾವಾಗ ಉಪಯೋಗಕ್ಕೆ ಬಂದೀತೋ ಹೇಳಲಾಗದು.

ಗಾಡಿಗೂ ಸ್ವಲ್ಪ ಉಪಚಾರ ಮಾಡಬಹುದು. ಬ್ರೇಕು, ಕ್ಲಚ್ಚುಗಳ ಲೋಹದ ಹಿಡಿ ಬೆರಳಿನ ಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ತೊಡಿಸಿದರೆ ಎಷ್ಟೋ ವಾಸಿ. ಹಾಲಿನವರು ಐದು ಲೀಟರಿನ ಎಣ್ಣೆಯ ಡಬ್ಬಿಯನ್ನು ಸೀಳಿ ಹ್ಯಾಂಡಲಿನ ಮುಂದೆ ಕಟ್ಟಿ, ಗಾಳಿಗೆ ಗುರಾಣಿ ಮಾಡಿಕೊಂಡಿದ್ದಾರೆ. ಮಾಡುವುದಾದರೆ ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಬ್ರೇಕನ್ನು ಪೂರ್ತಿ ಹಿಡಿದು, ಎಲ್ಲೂ ತಗಲುವುದಿಲ್ಲವೆಂದು ಖಾತರಿ ಮಾಡಿಕೊಳ್ಳಿ. ವಿದ್ಯುತ್ತಿನಿಂದ ಬಿಸಿಯಾಗುವ ಹಿಡಿಕೆಗಳೂ ಈಗ ದೊರೆಯುತ್ತವೆ, ಸುಖವೇ. ಆದರೆ ಅವು ಮೂವತ್ತು ನಲವತ್ತು ವ್ಯಾಟಿನಷ್ಟು ವಿದ್ಯುತ್ತನ್ನು ಬೇಡುತ್ತವೆ. ಸಣ್ಣ ಗಾಡಿಯ ಬ್ಯಾಟರಿಗೆ ಅದು ಭಾರವಾಗಬಹುದು. ಮೆಕ್ಯಾನಿಕ್ಕನ್ನು ಕೇಳದೆ ಹಾಕಿಸಬೇಡಿ.

ಕಾಲಿನ ವಿಷಯ ಇಷ್ಟು ಉದ್ದವಿಲ್ಲ. ಚಪ್ಪಲಿ ಬಿಡಿ, ಶೂ ತೊಡಿ. ಎರಡು ಜೊತೆ ಕಾಲುಚೀಲ ತೊಟ್ಟು ಬಿಗಿ ಶೂವಿನಲ್ಲಿ ಕಾಲು ತುರುಕಿದರೆ ಒಂದು ಜೊತೆಗಿಂತ ಹೆಚ್ಚು ಚಳಿಯಾಗುತ್ತದೆ. ಬೆರಳು ಆಡಿಸಲು ಜಾಗವಿರಬೇಕು. ಶೂವಿನೊಳಗೆ, ಪಾದದ ಅಡಿಗೆ, ದಪ್ಪ ರಟ್ಟಿನ ಅಟ್ಟೆ ಕತ್ತರಿಸಿ ಹಾಕಿ. ಕಾಲುಚೀಲವನ್ನು ಷರಾಯಿಯ ಮೇಲೆ ಎಳೆದುಕೊಂಡರೆ ಗಾಳಿ ಮೇಲಕ್ಕೆ ನುಗ್ಗದು. ನೋಡುವವರು ನಕ್ಕರೆ ಶಾಲೆಯ ಬಾಗಿಲಲ್ಲಿ ಸರಿಮಾಡಿಕೊಂಡರಾಯಿತು.

ಬೆರಳು ಮರಗಟ್ಟುತ್ತಿದೆ ಎನ್ನಿಸಿದೊಡನೆ ನಿಲ್ಲಿಸಿ. ಇಳಿದು ತೋಳುಗಳನ್ನು ರಾಟೆಯಂತೆ ದೊಡ್ಡದಾಗಿ ಇಪ್ಪತ್ತು ಸುತ್ತು ತಿರುಗಿಸಿ. ರಕ್ತ ಬೆರಳ ತುದಿಗೆ ನುಗ್ಗುವುದು ನಿಮಗೇ ತಿಳಿಯುತ್ತದೆ. ಇಲ್ಲವೆ ಅಂಗೈಗಳನ್ನು ಕಂಕುಳಲ್ಲಿ ಇರಿಸಿಕೊಳ್ಳಿ. ಇಂಜಿನ್ನಿನ ಮೇಲೆ, ಸೈಲೆನ್ಸರಿನ ಮೇಲೆ ಮಾತ್ರ ಕೈ ಇಡಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದಗಳಿಗೆ ಸ್ಪರ್ಶ ಮೊದಲೇ ಕಡಮೆ; ಅವರು ಬೆಂಕಿಯ ಹತ್ತಿರ ಕಾಲು ಚಾಚುವುದು ಸರ್ವಥಾ ಕೂಡದು. ಹೊರಡುವ ಮುನ್ನ ಬೀಡಿ ಸಿಗರೇಟು ಸೇದಿದರೆ ಬೆಚ್ಚಗಾಗುತ್ತದೆಂಬುದು ಭ್ರಮೆ. ಹೊಗೆಸೊಪ್ಪು ರಕ್ತನಾಳಗಳನ್ನು ಇನ್ನಷ್ಟು ಸಂಕೋಚಗೊಳಿಸುತ್ತದೆ. ಮದ್ಯವು ಚರ್ಮಕ್ಕೆ ರಕ್ತ ತಂದು ಬಿಸಿಯಾದಂತೆ ತೋರಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಅದನ್ನು ಕುಡಿದು ಗಾಡಿ ಹತ್ತುವವರಿಗೆ ಈ ಭಾಷಣವಲ್ಲ.

ಕೆಲವರ ಬೆರಳು ಸ್ವಲ್ಪ ಚಳಿಗೇ ಸುಣ್ಣದಂತೆ ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಗಾಗುವುದುಂಟು. 1862ರಲ್ಲಿ ಮೋರಿಸ್ ರೇನೊ ಎಂಬ ಫ್ರೆಂಚ್ ವೈದ್ಯನು ಇದನ್ನು ವಿವರಿಸಿದ. ಅಂಥವರು ಗವಸಿನ ಅಂಗಡಿಗೆ ಹೋಗುವುದಕ್ಕೆ ಮೊದಲು ವೈದ್ಯರಲ್ಲಿಗೆ ಹೋಗಬೇಕು.

ಮನೆಯವರಿಗೂ ಒಂದು ಮಾತು. ಹಿಂದಿನ ದಿನದ ಪತ್ರಿಕೆಯನ್ನು ತೂಕಕ್ಕೆ ಹಾಕುವ ಮುನ್ನ ನಾಲ್ಕು ಹಾಳೆ ಬಾಗಿಲ ಬಳಿ ಇಡಿ. ಅಚ್ಚಿನ ಮಸಿ ಬನಿಯನ್ನಿಗೆ ಹತ್ತುತ್ತದೆಂದು ನಮ್ಮ ಮನೆಯಲ್ಲಿ ಆಕ್ಷೇಪಣೆ ಬಂದಿತ್ತು. ಈಗ ಒಳಗೆ ಒಂದು ಬಿಳಿ ಹಾಳೆ ಇಟ್ಟುಕೊಳ್ಳುತ್ತೇನೆ.

ಆ ಹುಡುಗಿ ಈಗ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿ. ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಕಳೆದ ಚಳಿಗಾಲದಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿ, "ಸಾರ್, ಈಗ ಬ್ರೇಕ್ ಹಿಡೀತೀರಾ?" ಎಂದು ನಗುತ್ತ ಕೇಳಿದಳು. ನಾನು ಗವಸಿನ ಕೈ ಎತ್ತಿ ತೋರಿಸಿದೆ. ಅವಳ ಕೈ ನೋಡಿದರೆ ಬರಿಗೈ, ಬೆರಳ ತುದಿಗಳು ನೀಲಿಗಟ್ಟಿದ್ದವು. ಗಾಡಿಯ ಪಕ್ಕದ ಚೀಲದಲ್ಲಿ ಯಾವಾಗಲೂ ಒಂದು ಜೊತೆ ಗವಸು ಹೆಚ್ಚಿಗೆ ಇಟ್ಟಿರುತ್ತೇನೆ. ತೆಗೆದುಕೊಟ್ಟೆ. ನಾಳೆಯೇ ತಂದುಕೊಡ್ತೀನಿ ಸಾರ್ ಎಂದು ಹೇಳಿ ಹೋದಳು. ಇನ್ನೂ ತಂದುಕೊಟ್ಟಿಲ್ಲ, ನಾನೂ ಕೇಳಿಲ್ಲ.